ಚಿರತೆ ಬಂತು, ನಾಯಿ ಜೋಪಾನ!

ರಾತ್ರಿ ನಾಯಿ ಬೊಗಳಿತು. ಸ್ವಲ್ಪ ಹೊತ್ತಿಗೆ ಸದ್ದೇ ಇಲ್ಲ. ಬೆಳಿಗ್ಗೆ ಎದ್ದು ನೋಡಿದರೆ ನಾಯಿಯೂ ಇಲ್ಲ. ಹಗ್ಗ ಮಾತ್ರ ಬಿದ್ದಿದೆ. ಕಾಡಂಚಿನ ಹಳ್ಳಿಗಳಲ್ಲಿ ಇಂಥ ಮಾತು ಹೊಸದಲ್ಲ. "ಚಿರತೆ ಹೊತ್ತುಕೊಂಡು ಹೋಯ್ತು ಕಣವ್ವ" ಅಂತ ಜನ ಹೇಳುತ್ತಾರೆ.

ಅಕ್ಕಂದಿರೇ, ಚಿರತೆ ಊರಿಗೆ ಏಕೆ ಬರುತ್ತದೆ? ನಮ್ಮ ನಾಯಿ, ಆಡು, ಕರುಗಳನ್ನು ಉಳಿಸಿಕೊಳ್ಳುವುದು ಹೇಗೆ? ಬನ್ನಿ, ತಿಳಿಯೋಣ.

ಚಿರತೆ ಏಕೆ ಬರುತ್ತದೆ?

ಒಡೆಯರಪಾಳ್ಯದ ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು. ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟದ ಕಾಡು. ಬಿಳಿಗಿರಿಯ ಕಾಡು 2011ರಲ್ಲಿ ಹುಲಿ ರಕ್ಷಿತಾರಣ್ಯ ಆಯಿತು. ಮಹದೇಶ್ವರ ಬೆಟ್ಟದ ಕಾಡು 2013ರಲ್ಲಿ ವನ್ಯಧಾಮ ಆಯಿತು. ನಡುವೆ ನಮ್ಮ ಊರು, ನಮ್ಮ ಹೊಲ. ಪ್ರಾಣಿಗಳಿಗೆ ಗಡಿ ಗೊತ್ತಿಲ್ಲ. ಅವು ಈ ಕಾಡಿನಿಂದ ಆ ಕಾಡಿಗೆ ಓಡಾಡುತ್ತವೆ.

ಚಿರತೆಗೆ ದೊಡ್ಡ ಕಾಡೇ ಬೇಕು ಅಂತಿಲ್ಲ. ಕಲ್ಲುಗುಡ್ಡ ಸಾಕು, ಪೊದೆ ಸಾಕು. ಆಳೆತ್ತರ ಬೆಳೆದ ಮುಸುಕಿನ ಜೋಳದ ಹೊಲವೂ ಸಾಕು. ಹಗಲು ಅಲ್ಲಿ ಅಡಗಿ ಮಲಗುತ್ತದೆ. ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತದೆ. ಕಾಡಿನಲ್ಲಿ ಜಿಂಕೆ, ಕಾಡುಹಂದಿ, ಮೊಲ ತಿನ್ನುತ್ತದೆ. ಊರಿನಲ್ಲಿ ನಾಯಿ, ಆಡು, ಕುರಿ, ಕರು, ಕೋಳಿ ಹಿಡಿಯುತ್ತದೆ.

ಊರಿನಲ್ಲಿ ಅದಕ್ಕೆ ಸುಲಭದ ಊಟ ನಾಯಿ. ಬೀದಿ ನಾಯಿ ಎಲ್ಲಿ ಹೆಚ್ಚೋ ಅಲ್ಲಿಗೆ ಚಿರತೆ ಬರುತ್ತದೆ. ಬೀದಿ ನಾಯಿ ಎಲ್ಲಿ ಹೆಚ್ಚು? ಕಸ ಇರುವಲ್ಲಿ. ಕೋಳಿ ಅಂಗಡಿಯ ಕಸ, ಮದುವೆ ಊಟದ ಎಲೆ, ಸತ್ತ ದನ ಬಿಸಾಡಿದ ಜಾಗ. ಕಸಕ್ಕೆ ನಾಯಿ, ನಾಯಿಗೆ ಚಿರತೆ. ಒಂದರ ಹಿಂದೆ ಒಂದು.

ಆಡು ಉಳಿಯಿತು, ನಾಯಿ ಉಳಿಯಲಿಲ್ಲ

ಮಹಾರಾಷ್ಟ್ರದಲ್ಲಿ ಅಕೋಲೆ ಎಂಬ ಊರಿದೆ. ಸುತ್ತ ಕಬ್ಬಿನ ಗದ್ದೆ. ಆ ಗದ್ದೆಗಳಲ್ಲಿ ಚಿರತೆಗಳಿವೆ. ಅವು ಏನು ತಿನ್ನುತ್ತವೆ ಅಂತ ತಿಳಿದವರು ಪರೀಕ್ಷೆ ಮಾಡಿದರು. ಚಿರತೆಯ ಹಿಕ್ಕೆ ಆರಿಸಿ ತಂದು ನೋಡಿದರು. ತಿಂದ ಮಾಂಸದಲ್ಲಿ ನಾಯಿಯ ಪಾಲು ನೂರಕ್ಕೆ 39. ಆಡಿನ ಪಾಲು ನೂರಕ್ಕೆ 11 ಮಾತ್ರ.

ಆ ಊರಿನಲ್ಲಿ ನಾಯಿಗಿಂತ ಆಡುಗಳೇ ಏಳು ಪಟ್ಟು ಹೆಚ್ಚು. ಆದರೂ ಚಿರತೆ ತಿಂದದ್ದು ನಾಯಿಯನ್ನೇ ಹೆಚ್ಚು. ಏಕೆ? ಆಡನ್ನು ಸಂಜೆಗೆ ಒಳಗೆ ಕೂಡುತ್ತಾರೆ. ಹಗಲು ಕಾಯುತ್ತಾರೆ. ನಾಯಿ ಹೊರಗೇ ಇರುತ್ತದೆ.

ಇಷ್ಟೇ ಗುಟ್ಟು. ಒಳಗೆ ಕೂಡಿದ್ದು ಉಳಿಯಿತು. ಹೊರಗೆ ಬಿಟ್ಟಿದ್ದು ಹೋಯಿತು.

ನಾವು ಏನು ಮಾಡಬೇಕು?

"ನಾಯಿ ಮನೆ ಕಾಯಬೇಕು. ಅದನ್ನೇ ನಾವು ಕಾಯೋದಾ?" ಅಂತ ನೀವು ಕೇಳಬಹುದು. ಹೌದು, ರಾತ್ರಿ ಕಾಯಬೇಕು. ಬಿಟ್ಟ ನಾಯಿ ಓಡಿ ತಪ್ಪಿಸಿಕೊಂಡೀತು. ಬಯಲಿನಲ್ಲಿ ಕಟ್ಟಿದ ನಾಯಿ ಎಲ್ಲಿಗೆ ಓಡೀತು? ಒಳಗಿದ್ದರೂ ನಾಯಿ ಬೊಗಳುತ್ತದೆ. ನಿಮ್ಮನ್ನು ಎಬ್ಬಿಸುತ್ತದೆ.

1. ಹೊತ್ತು ಮುಳುಗುವ ಮೊದಲೇ ನಾಯಿಯನ್ನು ಒಳಗೆ ತನ್ನಿ. ಪಡಸಾಲೆಯಲ್ಲೋ ಬಾಗಿಲಿರುವ ಕೊಟ್ಟಿಗೆಯಲ್ಲೋ ಮಲಗಿಸಿ.

2. ಕೊಟ್ಟಿಗೆಗೆ ಗೋಡೆ ಇದ್ದರೆ ಸಾಲದು. ಚಿರತೆ ಮರ ಹತ್ತುವ ಪ್ರಾಣಿ. ಗೋಡೆ ಹಾರುತ್ತದೆ. ಮೇಲೆ ಗಟ್ಟಿ ಸೂರು ಬೇಕು. ಇಲ್ಲವಾದರೆ ಕಬ್ಬಿಣದ ಬಲೆ ಬಿಗಿಯಿರಿ.

3. ಬಾಗಿಲಿನ ಕೆಳಗೆ, ಕಿಟಕಿಯಲ್ಲಿ ಸಂದು ಬಿಡಬೇಡಿ. ಬಾಗಿಲಿಗೆ ಚಿಲಕ ಹಾಕಿ.

4. ಕರು, ಆಡಿನ ಮರಿಗಳನ್ನು ಕೊಟ್ಟಿಗೆಯ ಒಳಭಾಗದಲ್ಲಿ ಕಟ್ಟಿ.

5. ಮನೆ ಸುತ್ತ ಪೊದೆ ಕಡಿಯಿರಿ. ಕೊಟ್ಟಿಗೆ ಮುಂದೆ ಒಂದು ದೀಪ ಇರಲಿ. ದೀಪ ಇದೆ ಅಂತ ಬಾಗಿಲು ತೆರೆದಿಡಬೇಡಿ.

6. ಉಳಿದ ಅನ್ನ, ಮೂಳೆ, ಮಾಂಸ ಹೊರಗೆ ಚೆಲ್ಲಬೇಡಿ. ಗುಂಡಿ ತೋಡಿ ಮುಚ್ಚಿ.

7. ನಾಯಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಿ. ಮರಿ ಬೇಡವಾದರೆ ಪಶು ವೈದ್ಯರಿಗೆ ಹೇಳಿ ಶಸ್ತ್ರಚಿಕಿತ್ಸೆ ಮಾಡಿಸಿ. ಮರಿಗಳನ್ನು ಬೀದಿಗೆ ಬಿಡಬೇಡಿ.

ಹಿಮಾಲಯದ ಕುರಿಗಾಹಿಗಳು ನಾಯಿಯ ಕೊರಳಿಗೆ ಮುಳ್ಳಿರುವ ಕಬ್ಬಿಣದ ಪಟ್ಟಿ ಕಟ್ಟುತ್ತಾರೆ. ಚಿರತೆ ಬಾಯಿ ಹಾಕುವುದು ಕುತ್ತಿಗೆಗೆ. ಪಟ್ಟಿ ಕುತ್ತಿಗೆಯನ್ನು ಕಾಯುತ್ತದೆ.

ಈ ಕಷ್ಟ ನಮಗೊಬ್ಬರಿಗೇ ಅಲ್ಲ. ಮುಂಬೈ ನಗರದ ಅಂಚಿನಲ್ಲೂ ಚಿರತೆಗಳಿವೆ. ದೂರದ ಅಮೆರಿಕದಲ್ಲಿ ಕಯೋಟಿ ಎಂಬ ಪ್ರಾಣಿ ಇದೆ. ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಅದು ಪಟ್ಟಣದ ಬೀದಿಗೆ ಬಂದು ಬೆಕ್ಕು, ಸಣ್ಣ ನಾಯಿಗಳನ್ನು ಹಿಡಿಯುತ್ತದೆ. ಅಲ್ಲಿನವರಿಗೂ ತಿಳಿದವರು ಹೇಳುವುದು ಇದನ್ನೇ: ರಾತ್ರಿ ಒಳಗಿಡಿ, ಹೊರಗೆ ತಿನಿಸು ಹಾಕಬೇಡಿ.

ಮಕ್ಕಳು, ಹೆಂಗಸರು ಎಚ್ಚರ

ಚಿರತೆ ಸಾಮಾನ್ಯವಾಗಿ ಮನುಷ್ಯರನ್ನು ಕಂಡರೆ ದೂರ ಹೋಗುತ್ತದೆ. ಆದರೆ ಮೈಮರೆಯುವಂತಿಲ್ಲ. ನಮ್ಮ ಪಕ್ಕದ ತಿ. ನರಸೀಪುರ ತಾಲ್ಲೂಕಿನಲ್ಲಿ ಹಾಗಾಯಿತು. 2022ರ ಅಕ್ಟೋಬರ್‌ನಿಂದ 2023ರ ಜನವರಿಯೊಳಗೆ ನಾಲ್ಕು ಜನ ಚಿರತೆಯಿಂದ ಸತ್ತರು. ಅವರಲ್ಲಿ ಒಬ್ಬ ಚಿಕ್ಕ ಹುಡುಗ.

ಬಗ್ಗಿದವರು, ಕುಕ್ಕರಗಾಲಲ್ಲಿ ಕೂತವರು ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಾಣಬಹುದು. ಅದಕ್ಕೇ ಕತ್ತಲಲ್ಲಿ ಒಬ್ಬರೇ ಬಯಲಿಗೆ ಹೋಗಬೇಡಿ. ಮನೆಯಲ್ಲಿ ಶೌಚಾಲಯ ಇದ್ದರೆ ಮಾನವೂ ಉಳಿಯುತ್ತದೆ, ಪ್ರಾಣವೂ ಉಳಿಯುತ್ತದೆ. ಹೋಗಲೇಬೇಕಾದರೆ ಇಬ್ಬರು ಮೂವರು ಹೋಗಿ. ಬ್ಯಾಟರಿ ಹಿಡಿಯಿರಿ. ಮಾತಾಡುತ್ತಾ ನಡೆಯಿರಿ. ಸೌದೆಗೆ, ಹುಲ್ಲಿಗೆ ಹೋದಾಗಲೂ ಹೀಗೇ. ಮಕ್ಕಳನ್ನು ಸಂಜೆ ಮೇಲೆ ಹೊರಗೆ ಒಂಟಿ ಬಿಡಬೇಡಿ.

ಚಿರತೆ ಎದುರಾದರೆ ಓಡಬೇಡಿ. ಬಗ್ಗಬೇಡಿ. ಮಗುವನ್ನು ಎತ್ತಿಕೊಳ್ಳಿ. ನೆಟ್ಟಗೆ ನಿಂತು ಕೂಗಿ. ಮೆಲ್ಲಗೆ ಹಿಂದೆ ಹಿಂದೆ ಸರಿಯಿರಿ. ಅದಕ್ಕೆ ಹೋಗಲು ದಾರಿ ಬಿಡಿ. ಗುಂಪು ಕಟ್ಟಿ ಅಟ್ಟಿಸಿಕೊಂಡು ಹೋಗಬೇಡಿ. ದಿಕ್ಕು ತೋಚದ ಚಿರತೆ ಮೇಲೆ ಬೀಳುತ್ತದೆ.

ಪರಚಿದರೆ, ಕಚ್ಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ನೀರಿನಲ್ಲಿ ತೊಳೆಯಿರಿ. ಕೂಡಲೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಮೆತ್ತಬೇಡಿ.

ವಿಷ ಹಾಕಬೇಡಿ

ಸಾಕಿದ ಪ್ರಾಣಿ ಸತ್ತರೆ ಹೊಟ್ಟೆ ಉರಿಯುತ್ತದೆ. ಒಂದು ಹಸು ಅಂದರೆ ಒಂದು ಮನೆಯ ಅನ್ನ. ಆ ಸಂಕಟ ಸುಳ್ಳಲ್ಲ. ಆದರೆ ವಿಷ ಹಾಕುವುದು ಅದಕ್ಕೆ ಮದ್ದಲ್ಲ.

2025ರ ಜೂನ್ ತಿಂಗಳು. ನಮ್ಮ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದ ಕಾಡು. ಹುಲಿಯೊಂದು ಹಸುವನ್ನು ಕೊಂದಿತ್ತು. ಸತ್ತ ಹಸುವಿನ ಮೈಗೆ ವಿಷ ಹಾಕಲಾಗಿತ್ತು. ತಾಯಿ ಹುಲಿ, ನಾಲ್ಕು ಮರಿ ತಿಂದವು. ಐದೂ ಸತ್ತವು. ಹುಲಿ ನಮ್ಮ ಮಾದಪ್ಪನ ವಾಹನ. ಮಾದಪ್ಪನ ಬೆಟ್ಟದಲ್ಲೇ ಹೀಗಾಯಿತು. ಇದರಿಂದ ಸತ್ತ ಹಸು ಎದ್ದು ಬರಲಿಲ್ಲ. ಊರಿನವರು ಜೈಲು ಸೇರಬೇಕಾಯಿತು.

ಹುಲಿ, ಚಿರತೆ ಕೊಂದರೆ 1972ರ ವನ್ಯಜೀವಿ ಕಾಯ್ದೆಯಂತೆ 3ರಿಂದ 7 ವರ್ಷ ಜೈಲು. ವಿಷದ ಮಾಂಸವನ್ನು ನಮ್ಮ ನಾಯಿಯೇ ತಿಂದರೂ ಸಾಯುತ್ತದೆ.

"ಹಿಡಿದು ದೂರ ಬಿಡಲಿ" ಅನ್ನುವವರೂ ಇದ್ದಾರೆ. ಮಹಾರಾಷ್ಟ್ರದ ಜುನ್ನರ್ ಕಡೆ ಹಾಗೇ ಮಾಡಿ ನೋಡಿದರು. ಚಿರತೆಗಳನ್ನು ಹಿಡಿದು ಬೇರೆ ಕಡೆ ಬಿಟ್ಟರು. ಜನರ ಮೇಲೆ ದಾಳಿ ಕಡಿಮೆ ಆಗಲಿಲ್ಲ, ಹೆಚ್ಚಿತು. ಒಂದು ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ. ಮನುಷ್ಯರನ್ನು ಕೊಲ್ಲುವ ಚಿರತೆಯ ಮಾತು ಬೇರೆ. ಅದನ್ನು ಅರಣ್ಯ ಇಲಾಖೆಯವರು ಹಿಡಿಯುತ್ತಾರೆ.

ಪರಿಹಾರ ಕೇಳಿ ಪಡೆಯಿರಿ

ಕಾಡುಪ್ರಾಣಿ ನಿಮ್ಮ ಹಸು, ಎಮ್ಮೆ, ಆಡು, ಕುರಿ ಕೊಂದರೆ ಸರ್ಕಾರ ಪರಿಹಾರ ಕೊಡುತ್ತದೆ. ಅದು ಭಿಕ್ಷೆ ಅಲ್ಲ, ನಿಮ್ಮ ಹಕ್ಕು.

ಸತ್ತ ಪ್ರಾಣಿಯನ್ನು ಎಳೆಯಬೇಡಿ, ಹೂಳಬೇಡಿ. ಮೊಬೈಲಿನಲ್ಲಿ ಫೋಟೊ ತೆಗೆಸಿ. ತಡ ಮಾಡದೆ ಅರಣ್ಯ ಇಲಾಖೆಗೆ ತಿಳಿಸಿ. ಇಲಾಖೆಯ ಸಹಾಯವಾಣಿ 1926. ಪಶು ವೈದ್ಯರು ಬಂದು ನೋಡಿ ಬರೆದುಕೊಡಬೇಕು. ಗಾಯಗೊಂಡ ದನಕ್ಕೆ ಚಿಕಿತ್ಸೆ ಬೇಕಾದರೆ 1962ಕ್ಕೆ ಫೋನ್ ಮಾಡಿ. ಅರ್ಜಿಯನ್ನು ನೀವೇ ಓದಿ. ಓದಿದ ಮೇಲೆ ನಿಮ್ಮ ಕೈಯಾರೆ ಸಹಿ ಹಾಕಿ.

ಯೋಚಿಸಿ, ಮಾತಾಡಿ

• ನಿಮ್ಮ ಕೊಟ್ಟಿಗೆಗೆ ಸೂರು, ಬಾಗಿಲು ಗಟ್ಟಿ ಇವೆಯೇ?
• ನಿಮ್ಮ ಬೀದಿಯಲ್ಲಿ ಕಸ ಎಲ್ಲಿ ಬೀಳುತ್ತದೆ? ಅಲ್ಲಿ ಎಷ್ಟು ನಾಯಿಗಳಿವೆ?
• ಕಟ್ಟಿದ ನಾಯಿಗೆ ಅಪಾಯ ಹೆಚ್ಚು. ಏಕೆ?
• 1926, 1962: ಈ ಎರಡು ನಂಬರುಗಳನ್ನು ಮನೆಯ ಗೋಡೆ ಮೇಲೆ ದೊಡ್ಡದಾಗಿ ಬರೆಯಿರಿ.