ಎಡಗಾಲಿನ ವಿದ್ಯೆ

ಕಾರು ಕಲಿಯಲು ಬಂದವರ ಗಮನವೆಲ್ಲ ಸ್ಟೇರಿಂಗಿನ ಮೇಲೆ. ನಾನು ಮೊದಲು ನೋಡುವುದು ಅವರ ಎಡಗಾಲನ್ನು. ಹವಾಯಿ ಚಪ್ಪಲಿ ಇದ್ದರೆ ಬಿಚ್ಚಿಸುತ್ತೇನೆ. ಅದು ಪೆಡಲಿಗೆ ಸಿಕ್ಕಿಕೊಂಡರೆ ಬ್ರೇಕೂ ಇಲ್ಲ, ಕ್ಲಚ್ಚೂ ಇಲ್ಲ. ಆಮೇಲೆ ಸೀಟು. ಕ್ಲಚ್ಚನ್ನು ತಳ ಮುಟ್ಟಿಸಿದಾಗಲೂ ಮಂಡಿ ಸ್ವಲ್ಪ ಬಾಗಿಯೇ ಇರಬೇಕು. ಸೊಂಟ ಎಳೆದು ತುಳಿಯುವವರ ಕೈಯಲ್ಲಿ ಗಾಡಿ ನಯವಾಗಿ ಓಡುವುದಿಲ್ಲ.

ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು ನಾನು, ಈಗ ಮಧುಗಿರಿಯಲ್ಲಿ ಕಾರು ಕಲಿಸುತ್ತೇನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಗಾಡಿಗಳಿಗೆ ಕೆಎ-64 ನಂಬರು. ಅಡಿಕೆ ತೋಟದವರು, ಶಾಲೆ ಟೀಚರುಗಳು, ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ ಹುಡುಗರು, ಎಲ್ಲರೂ ಬರುತ್ತಾರೆ. ಎಲ್ಲರ ಕೈಯಲ್ಲೂ ಮೊದಲ ದಿನ ಗಾಡಿ ಜರ್ಕ್ ಹೊಡೆದು ಆಫ್ ಆಗುತ್ತದೆ.

ಯಾಕೆ ಆಫ್ ಆಗುತ್ತದೆ ಅಂತ ಯಾರೂ ಹೇಳಿಕೊಡುವುದಿಲ್ಲ, ‘ಕ್ಲಚ್ ನಿಧಾನ ಬಿಡಿ’ ಅಂತ ಕಿರುಚುತ್ತಾರೆ ಅಷ್ಟೆ. ಕಾರು ನಿಂತಿದ್ದಾಗಲೂ ಎಂಜಿನ್ನು ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಲೇ ಇರುತ್ತದೆ. ಚಕ್ರಗಳ ಸುತ್ತು ಸೊನ್ನೆ. ತಿರುಗುವುದನ್ನು ನಿಂತದ್ದಕ್ಕೆ ಒಂದೇ ಸಲ ಜೋಡಿಸಿದರೆ, ಓಡುವ ಎತ್ತಿನ ಪಕ್ಕ ಮಲಗಿದ ಎತ್ತನ್ನು ನೊಗಕ್ಕೆ ಕಟ್ಟಿದ ಹಾಗೆ. ಒಂದೋ ಮಲಗಿದ್ದು ಎಗರಿ ಬೀಳುತ್ತದೆ, ಇಲ್ಲ ಓಡುವುದು ನಿಲ್ಲುತ್ತದೆ. ಕ್ಲಚ್ ಪ್ಲೇಟು ಇರುವುದೇ ಈ ಎರಡರ ನಡುವೆ. ಪೆಡಲು ತುಳಿದಾಗ ಪ್ಲೇಟು ಎಂಜಿನ್ನಿನಿಂದ ಬಿಡಿಸಿಕೊಳ್ಳುತ್ತದೆ. ಪೂರ್ತಿ ಬಿಟ್ಟಾಗ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಇವೆರಡರ ಮಧ್ಯೆ ಒಂದು ಜಾಗದಲ್ಲಿ ಉಜ್ಜುತ್ತ, ಜಾರುತ್ತ, ಚಕ್ರವನ್ನು ಮೆಲ್ಲಗೆ ಎಬ್ಬಿಸುತ್ತದೆ. ಅದೇ ಹಾಫ್ ಕ್ಲಚ್. ಕಾರು ಕಲಿಯುವುದೆಂದರೆ ಮುಕ್ಕಾಲು ಪಾಲು ಈ ಜಾಗವನ್ನು ಕಾಲಿನಲ್ಲಿ ಗುರುತಿಸುವುದು.

ಅದಕ್ಕೆ ಆಕ್ಸಿಲರೇಟರ್ ಬೇಡ. ಬಯಲಿನಲ್ಲಿ ಗಾಡಿ ನಿಲ್ಲಿಸಿ ಬಲಗಾಲನ್ನು ತೆಗೆಸಿಬಿಡುತ್ತೇನೆ. ಫಸ್ಟ್ ಗೇರು, ಹಿಮ್ಮಡಿ ನೆಲದ ಮೇಲೆ, ಪೆಡಲನ್ನು ಸ್ವಲ್ಪಸ್ವಲ್ಪವೇ ಮೇಲೆ ಬಿಡಬೇಕು.

“ಗಾಡಿ ನಡುಗ್ತಾ ಇದೆಯಲ್ಲ ಅಣ್ಣ?” ಅಂದರು ಒಬ್ಬ ಟೀಚರಮ್ಮ.

“ಅಲ್ಲೇ ನಿಲ್ಲಿಸಿ ಮೇಡಂ. ಕಾಲು ಆಡಿಸಬೇಡಿ.”

“ಮುಂದೆ ಹೋಗ್ತಾ ಇದೆ!”

“ಹೋಗಲಿ ಬಿಡಿ. ಹೋಗೋಕೇ ತಾನೇ ಬಂದಿರೋದು.”

ಎಂಜಿನ್ನಿನ ಸದ್ದು ತಗ್ಗುವುದು, ಗಾಡಿಯ ಮೂತಿ ಒಂಚೂರು ಎದ್ದು ನಿಲ್ಲುವುದು, ಇವು ಗುರುತು. ಅಲ್ಲಿ ಎರಡು ಕ್ಷಣ ಕಾಲು ಹಿಡಿದರೆ ಸಾಕು, ಆಮೇಲೆ ಪೂರ್ತಿ ಬಿಡಬಹುದು. ಜರ್ಕ್ ಹೊಡೆಯುವುದು ಆ ಎರಡು ಕ್ಷಣದ ಆತುರಕ್ಕೆ. ಇಷ್ಟು ಬಂದಮೇಲೆ ಆಕ್ಸಿಲರೇಟರ್ ಸೇರಿಸುವುದು ಸುಲಭ.

ಗೇರು ಬದಲಿಸುವುದಕ್ಕೂ ಕಿವಿಯೇ ಬೇಕು. ಸಣ್ಣ ಕಾರಾದರೆ ಗಾಡಿ ಉರುಳಿದ ಕೂಡಲೇ ಸೆಕೆಂಡು, 25-30ರ ವೇಗಕ್ಕೆ ಥರ್ಡು, 40ರ ಮೇಲೆ ಫೋರ್ತು ಎಂಬ ಲೆಕ್ಕ ಇದೆ, ಆದರೆ ಎಂಜಿನ್ನು ಕೂಗಿದರೆ ಮೇಲಿನ ಗೇರು, ಗೊರಗೊರ ಅಂದರೆ ಕೆಳಗಿನ ಗೇರು. ಮೀಟರ್ ನೋಡುತ್ತ ಕೂತರೆ ರಸ್ತೆ ನೋಡುವವರು ಯಾರು?

ನಮ್ಮ ಕಡೆ ನಿಜವಾದ ಪರೀಕ್ಷೆ ವೇಗದಲ್ಲಿಲ್ಲ. ಶಿರಾದ ಹೆದ್ದಾರಿಯಲ್ಲಿ ಟಾಪ್ ಗೇರಿನಲ್ಲಿ ಯಾರು ಬೇಕಾದರೂ ಹೋದಾರು. ಹೆದ್ದಾರಿ ಬಿಟ್ಟು ಒಳಗೆ ಬನ್ನಿ, ಎದುರಿಗೆ ಕುರಿಮಂದೆ ಸಿಗುತ್ತದೆ. ಅದರ ಹಿಂದೆ ಹಾಫ್ ಕ್ಲಚ್ಚಿನಲ್ಲೇ ತೆವಳುವವರನ್ನು ದಿನಾ ನೋಡುತ್ತೇನೆ. ಪ್ಲೇಟು ಉಜ್ಜಿ ಉಜ್ಜಿ ಕಾದು ಸುಟ್ಟ ವಾಸನೆ ಬರುತ್ತದೆ. ನಿಂತು ಬಿಡಿ, ನ್ಯೂಟ್ರಲ್ ಹಾಕಿ, ಜಾಗ ಆದಮೇಲೆ ಒಂದೇ ಸಲ ಮುಂದೆ ಹೋಗಿ. ಸುಗ್ಗಿಯಲ್ಲಿ ರಾಗಿ, ಹುರುಳಿ ರಸ್ತೆಗೇ ಹರವುತ್ತಾರೆ, ಗಾಡಿ ಹಾಯ್ದು ಕಾಳು ಉದುರಲಿ ಅಂತ. ಅದರ ಮೇಲೆ ಟೈರಿಗೆ ಹಿಡಿತ ಕಡಿಮೆ. ಬ್ರೇಕ್ ಒತ್ತಿದರೆ ಜಾರುತ್ತದೆ, ಗಕ್ಕನೆ ಕ್ಲಚ್ ಬಿಟ್ಟರೂ ಜಾರುತ್ತದೆ. ಹುಲ್ಲು ಅಡಿಯಲ್ಲಿ ಸುತ್ತಿಕೊಂಡು ಕಾದ ಸೈಲೆನ್ಸರಿಗೆ ತಾಗಿದರೆ ಬೆಂಕಿಯೂ ಹತ್ತೀತು. ಮೊದಲೇ ಸೆಕೆಂಡ್ ಗೇರಿಗೆ ಬಂದು, ಕಾಲು ಆಡಿಸದೆ ದಾಟುವುದು. ದಾಟಿದ ಮೇಲೆ ಇಳಿದು ಅಡಿ ಬಗ್ಗಿ ನೋಡುವುದು.

ಏರಿನಲ್ಲಿ ನಿಂತು ಹೊರಡುವುದೆಂದರೆ ಎಲ್ಲರಿಗೂ ಭಯ. ಕೆರೆ ಏರಿಗೆ ಹತ್ತುವ ದಾರಿಯಲ್ಲಿ ಬೇಕಂತಲೇ ನಿಲ್ಲಿಸುತ್ತೇನೆ. ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ಚನ್ನು ಆ ಕಚ್ಚುವ ಜಾಗಕ್ಕೆ ತಂದು, ಸ್ವಲ್ಪ ರೈಸ್ ಕೊಟ್ಟು, ಮೂತಿ ಎದ್ದಮೇಲೆ ಹ್ಯಾಂಡ್‌ಬ್ರೇಕ್ ಬಿಡಬೇಕು. ಹಿಂದಕ್ಕೆ ಒಂದಿಂಚೂ ಬರಕೂಡದು. ಇದು ನನ್ನ ಹಟವಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲೇ ಇದೆ: ಕಡಿದಾದ ಏರಿನಲ್ಲಿ ನಿಂತು, ಹಿಂದೆ ಉರುಳದೆ, ನಯವಾಗಿ ಹೊರಡುವುದು ಪರೀಕ್ಷೆಯ ಒಂದು ಭಾಗ. ಇಳಿಜಾರಿನಲ್ಲಿ ಬೇಗ ಕೆಳಗಿನ ಗೇರಿಗೆ ಬರಬೇಕೆಂಬುದೂ ಅದರಲ್ಲೇ ಇದೆ.

ನಮ್ಮವರು ಮಾಡುವುದು ಉಲ್ಟಾ. ದೇವರಾಯನದುರ್ಗದಿಂದ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುತ್ತಾರೆ. ಉಳಿಯುವುದಿಲ್ಲ. ಈಗಿನ ಎಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ನು ನಿಲ್ಲದಿರಲು ಕುಡಿಯುತ್ತಲೇ ಇರುತ್ತವೆ. ಎಂಜಿನ್ನಿನ ತಡೆ ಇಲ್ಲದೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ತಿರುವು ತಿರುವಿಗೂ ಅದು ಕಾಯುತ್ತದೆ.

“ಆಟೊಮ್ಯಾಟಿಕ್ ಬಂದಿದೆಯಲ್ಲ, ಇದೆಲ್ಲ ಯಾಕಣ್ಣ?” ಅಂತ ಹುಡುಗರು ಕೇಳುತ್ತಾರೆ. ದುಡ್ಡಿದ್ದವರು ತಗೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಕಡೆ ಕೈಗೆ ಸಿಗುವ ಸೆಕೆಂಡ್ ಹ್ಯಾಂಡ್ ಕಾರು, ತರಕಾರಿ ಹೇರುವ ಗೂಡ್ಸ್ ಗಾಡಿ ಹೆಚ್ಚಾಗಿ ಗೇರಿನವೇ. ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ಗಾಡಿಯನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ. ಗೇರು ಬಲ್ಲವನಿಗೆ ಅದೂ ಒಂದು ಹೊಟ್ಟೆಪಾಡು.

ಕಲಿಯಲು ಹೋಗುವವರಿಗೆ ಒಂದು ಮಾತು. ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸು, ಆರು ತಿಂಗಳು ನಡೆಯುತ್ತದೆ, 30 ದಿನ ಆದಮೇಲೆ ಪರೀಕ್ಷೆಗೆ ಹೋಗಬಹುದು. ಡ್ರೈವಿಂಗ್ ಶಾಲೆಯವರು ಕಾರಿಗೆ ಕಡಿಮೆಯೆಂದರೂ 21 ದಿನ ಕಲಿಸಬೇಕು, ಅದರಲ್ಲಿ 10 ಗಂಟೆ ಗಾಡಿ ಓಡಿಸಿಯೇ ಕಲಿಸಬೇಕು ಎಂಬುದು ನಿಯಮ. ಮೂರು ಜನರನ್ನು ಹಿಂದೆ ಕೂರಿಸಿಕೊಂಡು ಊರು ಸುತ್ತಿಸಿದ ಹೊತ್ತು ಆ 10 ಗಂಟೆಯಲ್ಲಿ ಸೇರುವುದಿಲ್ಲ. ದುಡ್ಡು ಕಟ್ಟುವ ಮುಂಚೆ ಇದನ್ನು ಕೇಳಿ, ಏರು ಹತ್ತಿಸುತ್ತೀರಾ ಅಂತಲೂ ಕೇಳಿ.