ಫಾರ್ಮಾಲಿನ್ ಹಿಡಿಯುವ ಲೋಹಗಳು

ಸಮುದ್ರದ ಮೀನು ಘಟ್ಟ ಹತ್ತಿ ಮೈಸೂರಿಗೆ ಬರಬೇಕಾದರೆ ದಾರಿಯುದ್ದಕ್ಕೂ ಮಂಜುಗಡ್ಡೆ ಬೇಕು. ಮಂಜುಗಡ್ಡೆಗೆ ಖರ್ಚು ಹೆಚ್ಚು, ಫಾರ್ಮಾಲಿನ್‌ಗೆ ಕಡಿಮೆ. ಶವ ಕೆಡದಂತೆ ಇಡುವ ದ್ರಾವಣ ಊಟದ ತಟ್ಟೆಗೆ ಬರುವ ದಾರಿ ಇದೇ. 2018ರ ಜೂನ್‌ನಲ್ಲಿ ಕೇರಳದ ಅಧಿಕಾರಿಗಳು ‘ಆಪರೇಷನ್ ಸಾಗರ ರಾಣಿ’ ಹೆಸರಿನಲ್ಲಿ ಗಡಿಯ ಚೆಕ್‌ಪೋಸ್ಟ್‌ಗಳಲ್ಲಿ ಲಾರಿಗಳನ್ನು ತಡೆದು ಇಂಥ ಮೀನನ್ನು ವಶಪಡಿಸಿಕೊಂಡರು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ರೂಪಿಸಿದ ಕಾಗದದ ಪಟ್ಟಿಯ ಬಣ್ಣ ತಿರುಗಿದ್ದೇ ಅವರಿಗೆ ಸಿಕ್ಕ ಮೊದಲ ಸುಳಿವು.

ಆದರೆ ಬಣ್ಣ ‘ಇದೆ’ ಎನ್ನುತ್ತದೆ, ‘ಎಷ್ಟು’ ಎಂಬುದನ್ನು ಸರಿಯಾಗಿ ಹೇಳುವುದಿಲ್ಲ. ಸತ್ತ ಮೀನಿನಲ್ಲಿ, ಯಾರೂ ಏನೂ ಬೆರೆಸದಿದ್ದರೂ, ಫಾರ್ಮಾಲಿನ್‌ನಲ್ಲಿರುವ ಫಾರ್ಮಾಲ್ಡಿಹೈಡ್ ಅಲ್ಪ ಪ್ರಮಾಣದಲ್ಲಿ ತಾನಾಗಿಯೇ ಹುಟ್ಟುತ್ತದೆ. ಹಾಗಾಗಿ ಪ್ರಾಮಾಣಿಕ ವ್ಯಾಪಾರಿಗೆ ಅನ್ಯಾಯವಾಗಬಾರದೆಂದರೆ ಪ್ರಮಾಣ ಗೊತ್ತಾಗಲೇಬೇಕು. ವಿದ್ಯುದ್ರಸಾಯನ ವಿಜ್ಞಾನ ನೆರವಿಗೆ ಬರುವುದು ಇಲ್ಲಿ.

ಲೋಹದ ವಿದ್ಯುದ್ವಾರವನ್ನು ದ್ರಾವಣಕ್ಕೆ ಇಳಿಸಿ ತಕ್ಕ ವೋಲ್ಟೇಜ್ ಕೊಟ್ಟರೆ ಫಾರ್ಮಾಲ್ಡಿಹೈಡ್ ಉತ್ಕರ್ಷಣಗೊಳ್ಳುತ್ತದೆ. ಒಂದು ಅಣು ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಫಾರ್ಮಿಕ್ ಆಮ್ಲವಾಗುತ್ತದೆ. ನಾಲ್ಕು ಬಿಟ್ಟರೆ ಇಂಗಾಲದ ಡೈಆಕ್ಸೈಡ್. ಹರಿದ ವಿದ್ಯುತ್ತನ್ನು ಅಳೆದರೆ ವಸ್ತು ಎಷ್ಟಿತ್ತೆಂದು ತಿಳಿಯುತ್ತದೆ. ಪ್ಲಾಟಿನಂ ಇದಕ್ಕೆ ಹೆಸರಾದ ಲೋಹ. ಆದರೆ ನಡುವೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅದರ ಮೈಗೇ ಅಂಟಿಕೊಂಡು ಕೆಲಸ ನಿಲ್ಲಿಸಿಬಿಡುತ್ತದೆ. ರುಥೇನಿಯಂ ಬೆರೆಸಿದರೆ ಆ ಅಂಟು ಬೇಗ ಬಿಡುತ್ತದೆ, ಆದರೆ ಎರಡೂ ದುಬಾರಿ. ಕ್ಷಾರದ ದ್ರಾವಣದಲ್ಲಾದರೆ ಅಗ್ಗದ ನಿಕಲ್, ತಾಮ್ರಗಳೂ ಈ ಕೆಲಸ ಮಾಡುತ್ತವೆ. ನನ್ನ ಭರವಸೆ ಇವುಗಳ ಮೇಲೆಯೇ.

ತೊಡಕು ಇರುವುದು ಹಾಲಿನಲ್ಲಿ. ಹಾಲು ಒಡೆಯದಿರಲೆಂದು ಫಾರ್ಮಾಲಿನ್ ಬೆರೆಸುವುದು ಹಳೆಯ ಮೋಸ. ಆದರೆ ನಿಕಲ್ ಸಕ್ಕರೆಯನ್ನೂ ಉತ್ಕರ್ಷಿಸುತ್ತದೆ, ಹಾಲಿನಲ್ಲಿ ಸುಮಾರು ಶೇಕಡಾ 5ರಷ್ಟು ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ವಿದ್ಯುದ್ವಾರವನ್ನು ನೇರವಾಗಿ ಅದ್ದಿದರೆ ಶುದ್ಧ ಹಾಲೂ ಅಪರಾಧಿಯಾಗುತ್ತದೆ! ಮೊದಲು ಬಟ್ಟಿ ಇಳಿಸಿ ಫಾರ್ಮಾಲ್ಡಿಹೈಡನ್ನು ಬೇರ್ಪಡಿಸಬೇಕು, ಇಲ್ಲವೇ ಅದನ್ನು ಮಾತ್ರ ಗುರುತಿಸುವ ಕಿಣ್ವವನ್ನು ವಿದ್ಯುದ್ವಾರಕ್ಕೆ ಕೂರಿಸಬೇಕು. ಗಾಳಿಯಲ್ಲಿನ ಫಾರ್ಮಾಲ್ಡಿಹೈಡನ್ನು ಅಳೆಯುವ ಸಾಧನಗಳ ಕಥೆಯೂ ಇಷ್ಟೇ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಮೀಟರ್‌ಗಳಲ್ಲಿ ಹಲವು, ಸ್ಯಾನಿಟೈಸರ್‌ನ ಆಲ್ಕೋಹಾಲ್‌ಗೂ ಅಂಕಿ ಏರಿಸುತ್ತವೆ.

ಗಾಳಿಯ ಮಾತೂ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮನೆಯೊಳಗೆ ಒಂದು ಘನ ಮೀಟರ್ ಗಾಳಿಯಲ್ಲಿ 0.1 ಮಿಲಿಗ್ರಾಂ ದಾಟಬಾರದೆಂಬುದು ಸಂಸ್ಥೆಯ ಸೂಚನೆ. ಹೊಸ ಪ್ಲೈವುಡ್ ಕಪಾಟು ಫಾರ್ಮಾಲ್ಡಿಹೈಡನ್ನು ಬಿಡುತ್ತದೆ. ಊದುಬತ್ತಿಯ ಹೊಗೆಯಲ್ಲೂ ಇದಿದೆ. ಊದುಬತ್ತಿಗೆ ಹೆಸರಾದ ನಮ್ಮ ಮೈಸೂರಿನಲ್ಲಿ ದೇವರ ಕೋಣೆಯ ಕಿಟಕಿ ತೆರೆದಿಡುವುದು ಒಳ್ಳೆಯದು.

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ, 1950ರಿಂದ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ), ರಕ್ಷಣಾ ಇಲಾಖೆಯ ಸಂಶೋಧನಾ ಪ್ರಯೋಗಾಲಯ ಮೂರೂ ಒಂದೇ ಊರಿನಲ್ಲಿರುವ ಭಾಗ್ಯ ಮೈಸೂರಿನದು. ಹಾಲಿನ ಸೊಸೈಟಿಯ ಮೇಜಿನ ಮೇಲೆ ಕೂರುವ, ಕಾರ್ಯದರ್ಶಿಯೇ ನಡೆಸಬಲ್ಲ ಪುಟ್ಟ ಯಂತ್ರವನ್ನು ಈ ಮೂರೂ ಸೇರಿ ರೂಪಿಸಲಿ.

ಅಲ್ಲಿಯವರೆಗೂ ಗ್ರಾಹಕರು ಕೈಕಟ್ಟಿ ಕೂರಬೇಕಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಮಿನಂತೆ, ಕೊಳ್ಳುವಾಗಲೇ ವ್ಯಾಪಾರಿಗೆ ತಿಳಿಸಿ, ಶುಲ್ಕ ಕಟ್ಟಿ, ಯಾರು ಬೇಕಾದರೂ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕಾಯ್ದೆಯ ಉಲ್ಲಂಘನೆ ಕಂಡುಬಂದರೆ ಶುಲ್ಕ ವಾಪಸ್ ಸಿಗುತ್ತದೆ. ಈ ಹಕ್ಕನ್ನು ಬಳಸಿ.