ಫ್ರೂಟ್‌ವೇಲ್: ಬಡಾವಣೆಯವರೇ ಬರೆದ ನಕ್ಷೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಓಕ್ಲ್ಯಾಂಡ್ ನಗರದ ಪೂರ್ವ ಭಾಗದಲ್ಲಿ ಫ್ರೂಟ್‌ವೇಲ್ ಎಂಬ ಬಡಾವಣೆಯಿದೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದು ನೆಲೆಸಿದ, ಸ್ಪ್ಯಾನಿಷ್ ಮಾತಾಡುವ ಕುಟುಂಬಗಳು ಇಲ್ಲಿ ದೊಡ್ಡ ಸಂಖ್ಯೆಯಲ್ಲಿವೆ. ಬಾರ್ಟ್ ಎಂದು ಜನ ಕರೆಯುವ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ರೈಲು ಇಲ್ಲಿ ನಿಲ್ಲುತ್ತದೆ. ಫ್ರೀಮಾಂಟ್‌ನಲ್ಲಿ ನೆಲೆಸಿರುವ ಕನ್ನಡಿಗರು ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ರೈಲು ಹಿಡಿದರೆ ಈ ನಿಲ್ದಾಣವನ್ನು ಹಾದೇ ಹೋಗಬೇಕು. ನಿಲ್ದಾಣದ ಮೆಟ್ಟಿಲಿಳಿದು ಹೊರಬಂದರೆ ವಾಹನಗಳಿಲ್ಲದ ಅಗಲವಾದ ಅಂಗಳ. ಅದರ ಎರಡೂ ಬದಿಗೆ ಆರೋಗ್ಯ ಕೇಂದ್ರ, ಗ್ರಂಥಾಲಯ, ಶಾಲೆ, ಅಂಗಡಿಗಳು, ಮೇಲಿನ ಮಹಡಿಗಳಲ್ಲಿ ಮನೆಗಳು. ಅಂಗಳ ದಾಟಿದರೆ ಬಡಾವಣೆಯ ಪೇಟೆಬೀದಿ ಇಂಟರ್‌ನ್ಯಾಷನಲ್ ಬುಲೆವಾರ್ಡ್. ಈ ಅಂಗಳ ಇರುವೆಡೆ ಬಹುಮಹಡಿ ಪಾರ್ಕಿಂಗ್ ಕಟ್ಟಡವೊಂದು ಎದ್ದು ನಿಲ್ಲಬೇಕಿತ್ತು. ಬಡಾವಣೆಯವರು ಅದನ್ನು ತಡೆದರು. ತಡೆದು ಸುಮ್ಮನಾಗದೆ ಆ ಜಾಗದಲ್ಲಿ ಏನಿರಬೇಕೆಂಬುದನ್ನೂ ತಾವೇ ತೀರ್ಮಾನಿಸಿದರು.

ಫ್ರೂಟ್‌ವೇಲ್‌ನ ನೆಲಕ್ಕೂ ಸ್ಪ್ಯಾನಿಷ್ ಭಾಷೆಗೂ ನಂಟು ಹಳೆಯದು. 1820ರಲ್ಲಿ ಸ್ಪೇನ್ ಆಡಳಿತವು ಲೂಯಿಸ್ ಮರಿಯಾ ಪೆರಾಲ್ಟಾ ಎಂಬ ಸೈನಿಕನಿಗೆ ಈ ಸೀಮೆಯಲ್ಲಿ 44 ಸಾವಿರಕ್ಕೂ ಹೆಚ್ಚು ಎಕರೆ ಭೂಮಿಯನ್ನು ಜಹಗೀರಾಗಿ ಕೊಟ್ಟಿತ್ತು. ಇಂದಿನ ಓಕ್ಲ್ಯಾಂಡ್, ಬರ್ಕ್ಲಿ ನಗರಗಳು ನಿಂತಿರುವುದು ಆ ಜಹಗೀರಿನ ಮೇಲೆಯೇ. ಅವನ ಮಗ ಆಂತೋನಿಯೊನ ಮನೆತನ ಫ್ರೂಟ್‌ವೇಲ್‌ನಲ್ಲಿತ್ತು. ಅವರ 1870ರ ಮನೆ ಈಗ ಸಾರ್ವಜನಿಕ ಉದ್ಯಾನದೊಳಗೆ ಸ್ಮಾರಕವಾಗಿ ಉಳಿದಿದೆ. ಕ್ಯಾಲಿಫೋರ್ನಿಯಾ ಅಮೆರಿಕಕ್ಕೆ ಸೇರಿದ ಮೇಲೆ ಒತ್ತುವರಿ ಮತ್ತು ಕೋರ್ಟು ಖರ್ಚಿನಲ್ಲಿ ಪೆರಾಲ್ಟಾ ಮನೆತನದ ಭೂಮಿ ಕರಗಿತು. 1850ರ ದಶಕದಲ್ಲಿ ಹೆಂಡರ್ಸನ್ ಲ್ಯೂಯೆಲಿಂಗ್ ಎಂಬ ಸಸಿ ಬೆಳೆಗಾರ ಇಲ್ಲಿ ಚೆರ್ರಿ ತೋಟ ಹಾಕಿದ, ಹಣ್ಣಿನ ತೋಟಗಳಿಂದಲೇ ಊರಿಗೆ ಈ ಹೆಸರು ಬಂತು. 1909ರಲ್ಲಿ ಫ್ರೂಟ್‌ವೇಲ್ ಓಕ್ಲ್ಯಾಂಡ್ ನಗರದೊಳಗೆ ಸೇರಿತು. ತೋಟಗಳು ಹೋಗಿ ಹಣ್ಣು ತರಕಾರಿಗಳನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು ಬಂದವು, ಎರಡನೇ ಮಹಾಯುದ್ಧದ ಕಾಲಕ್ಕೆ ಕೈತುಂಬ ಕೆಲಸವಿತ್ತು.

ಯುದ್ಧದ ನಂತರ ಎಲ್ಲ ತಿರುವುಮುರುವಾಯಿತು. ಬಿಳಿಯ ಕುಟುಂಬಗಳು ಹೊಸ ಉಪನಗರಗಳಿಗೆ ಹೊರಟವು. ಅದೇ ಹೊತ್ತಿಗೆ ಹೆದ್ದಾರಿ, ಅಂಚೆ ಕೇಂದ್ರ, ರೈಲು ಹಳಿ ಎಂದು ಪಶ್ಚಿಮ ಓಕ್ಲ್ಯಾಂಡಿನಲ್ಲಿ ಬೀದಿ ಬೀದಿಗಳನ್ನೇ ಕೆಡವಲಾಯಿತು. ಅಲ್ಲಿ ಮನೆ ಕಳೆದುಕೊಂಡ ಮೆಕ್ಸಿಕನ್ ಅಮೆರಿಕನ್ನರಲ್ಲಿ ಬಹಳ ಮಂದಿ ಬಂದು ನೆಲೆನಿಂತದ್ದು ಫ್ರೂಟ್‌ವೇಲ್‌ನಲ್ಲಿ. ಆಮೇಲೆ ಡಬ್ಬಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. 1972ರಲ್ಲಿ ಬಾರ್ಟ್ ರೈಲು ಶುರುವಾದರೂ ಅದರ ಲಾಭ ಪೇಟೆಬೀದಿಗೆ ಸಿಗಲಿಲ್ಲ. ನಿಲ್ದಾಣಕ್ಕೂ ಬೀದಿಗೂ ನಡುವೆ ಕಾರು ನಿಲ್ಲಿಸುವ ಬಯಲು ಹರಡಿಕೊಂಡಿತ್ತು. ದೂರದಿಂದ ಬಂದವರು ಕಾರು ನಿಲ್ಲಿಸಿ ರೈಲು ಹತ್ತುತ್ತಿದ್ದರು, ಸಂಜೆ ಇಳಿದು ಕಾರು ಹತ್ತಿ ಹೋಗುತ್ತಿದ್ದರು. ಇನ್ನೂರು ಹೆಜ್ಜೆಯಾಚೆ ಅಂಗಡಿಗಳಿವೆ ಎಂಬುದೇ ಅವರಲ್ಲಿ ಅನೇಕರಿಗೆ ಗೊತ್ತಾಗುವಂತಿರಲಿಲ್ಲ.

ಸರ್ಕಾರ ಮಾಡದಿದ್ದುದನ್ನು ಇಲ್ಲಿನವರು ತಾವೇ ಮಾಡಿಕೊಳ್ಳಲು ತೊಡಗಿದ್ದು 1960ರ ದಶಕದಲ್ಲಿ. 1964ರಲ್ಲಿ ಹಲವು ಮೆಕ್ಸಿಕನ್ ಅಮೆರಿಕನ್ ಸಂಘಗಳು ಒಟ್ಟುಗೂಡಿ ‘ಸ್ಪ್ಯಾನಿಷ್ ಸ್ಪೀಕಿಂಗ್ ಯೂನಿಟಿ ಕೌನ್ಸಿಲ್’ ಕಟ್ಟಿದವು. ಇಂದು ಅದು ಯೂನಿಟಿ ಕೌನ್ಸಿಲ್ ಎಂದಷ್ಟೇ ಪರಿಚಿತ. 1966ರಲ್ಲಿ ಸ್ಪ್ಯಾನಿಷ್ ಓದುಗರಿಗೆಂದೇ ಲ್ಯಾಟಿನ್ ಅಮೆರಿಕನ್ ಗ್ರಂಥಾಲಯ ತೆರೆಯಿತು. 1971ರಲ್ಲಿ ವಿದ್ಯಾರ್ಥಿಗಳೂ ಬಡಾವಣೆಯ ಸ್ವಯಂಸೇವಕರೂ ಸೇರಿ ‘ಲಾ ಕ್ಲೀನಿಕಾ ಡೆ ಲಾ ರಾಸಾ’ ಎಂಬ ಚಿಕಿತ್ಸಾಲಯ ಆರಂಭಿಸಿದರು. ಮುಂದೆ ನಿಲ್ದಾಣದ ಅಂಗಳಕ್ಕೆ ಜೀವ ತುಂಬಿದ್ದು ಈ ಮೂರು ಸಂಸ್ಥೆಗಳೇ.

ಯೂನಿಟಿ ಕೌನ್ಸಿಲ್‌ನ ಮೊದಲ ಕಾರ್ಯನಿರ್ವಾಹಕ ನಿರ್ದೇಶಕಿ ಅರಬೆಲ್ಲಾ ಮಾರ್ಟಿನೆಜ್. ಸಮಾಜಕಾರ್ಯ ಓದಿದ್ದ ಅವರು ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿದ್ದಾಗ ಆರೋಗ್ಯ, ಶಿಕ್ಷಣ ಮತ್ತು ಕಲ್ಯಾಣ ಇಲಾಖೆಯ ಸಹಾಯಕ ಕಾರ್ಯದರ್ಶಿಯಾಗಿ ವಾಷಿಂಗ್ಟನ್‌ಗೆ ಹೋದರು. ಇತ್ತ ಕೌನ್ಸಿಲ್ ಸಾಲದಲ್ಲಿ ಮುಳುಗಿತು. 1989ರಲ್ಲಿ ಅದನ್ನು ಉಳಿಸಿಕೊಳ್ಳಲು ಮಾರ್ಟಿನೆಜ್ ಅವರನ್ನೇ ಮತ್ತೆ ಕರೆತರಬೇಕಾಯಿತು. ಸರ್ಕಾರದ ಕಡತ ಎಲ್ಲಿ ಹುಟ್ಟುತ್ತದೆ, ಎಲ್ಲಿ ನಿಲ್ಲುತ್ತದೆ, ಯಾರ ಸಹಿ ಬಿದ್ದರೆ ಮುಂದೆ ಹೋಗುತ್ತದೆ ಎಂಬುದನ್ನು ಒಳಗಿನಿಂದ ಕಂಡಿದ್ದವರು ಬಡಾವಣೆಗೆ ಮರಳಿದ್ದು ಮುಂದಿನ ಕಥೆಗೆ ಬಹಳ ಮುಖ್ಯವಾಯಿತು. ಜನರ ಸಿಟ್ಟು ಎಲ್ಲ ಬಡಾವಣೆಗಳಲ್ಲೂ ಇರುತ್ತದೆ. ಅದನ್ನು ಅರ್ಜಿ, ಅನುದಾನ, ಒಪ್ಪಂದಗಳ ಭಾಷೆಗೆ ಇಳಿಸಬಲ್ಲವರು ವಿರಳ.

1991ರಲ್ಲಿ ಬಾರ್ಟ್ ಆಡಳಿತ ನಿಲ್ದಾಣದ ಪಕ್ಕದಲ್ಲಿ ಬಹುಮಹಡಿ ಪಾರ್ಕಿಂಗ್ ಕಟ್ಟುವ ಯೋಜನೆ ಪ್ರಕಟಿಸಿತು. ರೈಲು ಪ್ರಯಾಣಿಕರಿಗೆ ಅದು ಅನುಕೂಲವೇ ಸರಿ. ಆದರೆ ಕಟ್ಟಡ ಏಳಬೇಕಿದ್ದದ್ದು ನಿಲ್ದಾಣಕ್ಕೂ ಪೇಟೆಬೀದಿಗೂ ನಡುವೆ, ಊರಿಗೂ ರೈಲಿಗೂ ಅಡ್ಡಗೋಡೆಯ ಹಾಗೆ. ಕಾರುಗಳ ಓಡಾಟ ಹೆಚ್ಚಿ ಹೊಗೆಯೂ ಹೆಚ್ಚುತ್ತದೆ, ಕತ್ತಲ ಮೂಲೆಗಳಲ್ಲಿ ಕಳವು ಸುಲಿಗೆಗೆ ಎಡೆಯಾಗುತ್ತದೆ, ಸೊರಗಿದ್ದ ವ್ಯಾಪಾರ ಪೂರ್ತಿ ನೆಲಕಚ್ಚುತ್ತದೆ ಎಂದು ನಿವಾಸಿಗಳೂ ವ್ಯಾಪಾರಿಗಳೂ ವಿರೋಧಿಸಿದರು. ಯೂನಿಟಿ ಕೌನ್ಸಿಲ್ ಮುಂದೆ ನಿಂತಿತು. ಬಾರ್ಟ್ ಯೋಜನೆಯನ್ನು ಕೈಬಿಟ್ಟಿತು, ಬಡಾವಣೆಯವರೇ ಪರ್ಯಾಯ ಯೋಜನೆ ಮಾಡಲಿ, ಸಹಕರಿಸುತ್ತೇವೆ ಎಂದು ಒಪ್ಪಿಕೊಂಡಿತು.

ಮುಂದಿನ ವರ್ಷ ಓಕ್ಲ್ಯಾಂಡ್ ನಗರಾಡಳಿತ ಯೋಜನೆ ರೂಪಿಸಲು 1.85 ಲಕ್ಷ ಡಾಲರ್ ಕೊಟ್ಟಿತು. 1993ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಜೊತೆಗೂಡಿ ಕೌನ್ಸಿಲ್ ವಿನ್ಯಾಸ ಸಮಾವೇಶ ನಡೆಸಿತು. ವಾಸ್ತುಶಿಲ್ಪಿಗಳು ತಮ್ಮ ಚಿತ್ರಗಳನ್ನು ಜನರ ಮುಂದಿಟ್ಟರು. ಕೇಂದ್ರ ಸಾರಿಗೆ ಇಲಾಖೆಯಿಂದ ಯೋಜನೆಗೆಂದು 4.7 ಲಕ್ಷ ಡಾಲರ್ ಬಂತು. ಬಳಿಕ ಸಾಲುಸಾಲು ಸಭೆಗಳು. ಏನು ಬೇಕು ಎಂದು ಕೇಳಿದಾಗ ಜನ ದೊಡ್ಡ ಮಾಲ್ ಕೇಳಲಿಲ್ಲ. ರಾತ್ರಿ ನಿರ್ಭಯವಾಗಿ ನಡೆಯುವಂತಹ ದಾರಿ, ಕೆಲಸಕ್ಕೆ ಹೋಗುವ ತಾಯಂದಿರಿಗೆ ಮಕ್ಕಳನ್ನು ಬಿಡಲೊಂದು ಜಾಗ, ವೃದ್ಧರಿಗೆ ಆಸರೆ, ಕೈಗೆಟಕುವ ಮನೆ, ಬೀದಿಯ ಅಂಗಡಿಗಳಿಗೆ ಗಿರಾಕಿ. ನಕ್ಷೆ ತಯಾರಾದದ್ದು ಈ ಬೇಡಿಕೆಗಳ ಮೇಲೆ.

ಕೇಳುವುದು ಸುಲಭ, ಕಟ್ಟುವುದು ಕಷ್ಟ. ಭೂಮಿ ಬಾರ್ಟ್‌ನದು, ಪಕ್ಕದ ರಸ್ತೆ ನಗರದ್ದು, ಕೆಲವು ನಿವೇಶನಗಳು ಖಾಸಗಿಯವರದು. ಕೌನ್ಸಿಲ್, ನಗರ, ಬಾರ್ಟ್ ಮೂವರ ನಡುವೆ ಜಾಗಗಳ ಅದಲುಬದಲು ಆಗಬೇಕಾಯಿತು. ಹೋಗುವ ಒಂದೊಂದು ಕಾರಿನ ಜಾಗಕ್ಕೂ ಬದಲಿ ಜಾಗ ಬೇಕೇ ಬೇಕೆಂದು ಬಾರ್ಟ್ ಪಟ್ಟು ಹಿಡಿಯಿತು; ಹಾಗಾಗಿ ಪಾರ್ಕಿಂಗ್ ಕಟ್ಟಡ ಕೊನೆಗೂ ಬಂತು, ಆದರೆ ಪೇಟೆಯ ದಾರಿಗೆ ಅಡ್ಡವಾಗದ ಕಡೆ. ಬಡ ಬಡಾವಣೆಯಲ್ಲಿ ಇಷ್ಟು ದೊಡ್ಡ ಕಟ್ಟಡಕ್ಕೆ ಒಂದೇ ಬ್ಯಾಂಕಿನಿಂದ ಸಾಲ ಹುಟ್ಟುವ ಮಾತೇ ಇರಲಿಲ್ಲ. ಕೇಂದ್ರದ ಸಾರಿಗೆ ಹಣ, ನಗರದ ಬಾಂಡು, ಪ್ರತಿಷ್ಠಾನಗಳ ಅನುದಾನ, ಬ್ಯಾಂಕ್ ಸಾಲ ಎಲ್ಲವನ್ನೂ ಜೋಡಿಸಬೇಕಾಯಿತು, ಪ್ರತಿಯೊಂದಕ್ಕೂ ಅದರದೇ ಷರತ್ತು, ಅದರದೇ ಗಡುವು. ಬಾಡಿಗೆ ಖಾತ್ರಿಯಾಗಿ ಬರುತ್ತದೆಂದು ಸಾಲ ಕೊಡುವವರಿಗೆ ತೋರಿಸಲು ನೆರವಾದವರು ಚಿಕಿತ್ಸಾಲಯ, ಗ್ರಂಥಾಲಯದಂಥ ದೊಡ್ಡ ಬಾಡಿಗೆದಾರರು. ಹೊರಗಿನ ದೊಡ್ಡ ಕಂಪನಿಯನ್ನು ಕರೆತಂದು ಅದರ ನೆರಳಿನಲ್ಲಿ ಬದುಕುವ ಮಾರ್ಗ ಹಿಡಿಯದೆ, ಜನ ದಿನನಿತ್ಯ ಬಾಗಿಲು ತಟ್ಟುವ ತಮ್ಮದೇ ಸಂಸ್ಥೆಗಳನ್ನು ಯೋಜನೆಯ ಆಧಾರಕಂಬ ಮಾಡಿಕೊಂಡದ್ದು ಫ್ರೂಟ್‌ವೇಲ್‌ನ ಅತ್ಯಂತ ಜಾಣತನದ ನಿರ್ಧಾರ.

1998ರಲ್ಲಿ ವೃದ್ಧರಿಗಾಗಿ 68 ಮನೆಗಳ ‘ಲಾಸ್ ಬೂಗನ್‌ವಿಲಿಯಾಸ್’ ಪಕ್ಕದಲ್ಲೇ ಸಿದ್ಧವಾಯಿತು. 1999ರಲ್ಲಿ ಮುಖ್ಯ ಕಟ್ಟಡಗಳಿಗೆ ಗುದ್ದಲಿಪೂಜೆ ನಡೆದು 2004ರಲ್ಲಿ ‘ಫ್ರೂಟ್‌ವೇಲ್ ಟ್ರಾನ್ಸಿಟ್ ವಿಲೇಜ್’ ಬಾಗಿಲು ತೆರೆಯಿತು. ಖರ್ಚು ಸುಮಾರು 10 ಕೋಟಿ ಡಾಲರ್. 47 ಮನೆಗಳು, ಅವುಗಳಲ್ಲಿ 10 ಕಡಿಮೆ ಆದಾಯದವರಿಗೆ ಮೀಸಲು. ಸುಮಾರು 40 ಸಾವಿರ ಚದರಡಿ ಅಂಗಡಿಗಳಿಗೆ, ಅದರ ಮೂರುಪಟ್ಟಿಗೆ ಹತ್ತಿರದಷ್ಟು ಜಾಗ ಸಮುದಾಯ ಸೇವೆಗಳಿಗೆ ಮತ್ತು ಕಚೇರಿಗಳಿಗೆ. 1966ರ ಆ ಗ್ರಂಥಾಲಯ ಇಲ್ಲಿಗೆ ಬಂದು ಸೀಸರ್ ಚಾವೆಜ್ ಶಾಖೆಯಾಗಿದೆ. ಹೊಲಗೂಲಿಗಳ ಹಕ್ಕಿಗೆ ಹೋರಾಡಿದ ನಾಯಕನ ಹೆಸರು ಅದು.

ಈ ಕಟ್ಟಡಗಳಷ್ಟೇ ಬಡಾವಣೆಯನ್ನು ಎತ್ತಿ ನಿಲ್ಲಿಸಿದವು ಎನ್ನುವುದು ಅರ್ಧಸತ್ಯ. ಪೇಟೆಬೀದಿಯ ಕೆಲಸ ಬೇರೆಯೇ ಹಾದಿಯಲ್ಲಿ, ಅದಕ್ಕೂ ಮೊದಲೇ ಆರಂಭವಾಗಿತ್ತು. ಅಮೆರಿಕದ ಸಣ್ಣ ಪಟ್ಟಣಗಳ ಹಳೆಯ ಪೇಟೆಗಳನ್ನು ಉಳಿಸಲು ರೂಪಿಸಿದ್ದ ‘ಮೇನ್ ಸ್ಟ್ರೀಟ್’ ಕಾರ್ಯಕ್ರಮವನ್ನು ಯೂನಿಟಿ ಕೌನ್ಸಿಲ್ 1996ರಲ್ಲಿ ಮಹಾನಗರದ ಈ ಬೀದಿಗೆ ತಂದಿತು. ಕೆಲಸ ಸರಳ, ಆದರೆ ದಿನಾ ಮಾಡುವಂಥದ್ದು: ಅಂಗಡಿಯ ಮುಂಭಾಗ ಸರಿಪಡಿಸಲು ಸಹಾಯಧನ, ಫಲಕ ಬರೆಸುವುದು, ಕಸ ತೆಗೆಸುವುದು, ಗೋಡೆಬರಹ ಅಳಿಸುವುದು, ಸಾಲದ ಚರಿತ್ರೆಯೇ ಇಲ್ಲದ ವಲಸಿಗ ವ್ಯಾಪಾರಿಗೆ ಲೆಕ್ಕ ಬರೆಯುವುದನ್ನೂ ಪರವಾನಗಿ ಪಡೆಯುವುದನ್ನೂ ಕಲಿಸಿಕೊಡುವುದು. 2001ರಲ್ಲಿ ಬೀದಿಯ ಆಸ್ತಿ ಮಾಲೀಕರು ಮತ ಹಾಕಿ ತಮ್ಮ ಮೇಲೆ ತಾವೇ ಹೆಚ್ಚುವರಿ ಕರ ಹಾಕಿಕೊಂಡರು. ಆ ಹಣ ಬೀದಿಯ ಸ್ವಚ್ಛತೆಗೂ ಕಾವಲಿಗೂ ಅಲ್ಲೇ ಖರ್ಚಾಗುತ್ತದೆ. ಒಂದು ಕಾಲಕ್ಕೆ ಅರ್ಧದಷ್ಟು ಮಳಿಗೆಗಳು ಖಾಲಿ ಬಿದ್ದಿದ್ದ ಬೀದಿಯಲ್ಲಿ ಖಾಲಿ ಮಳಿಗೆ ಶೇ 1ರ ಆಸುಪಾಸಿಗೆ ಇಳಿಯಿತೆಂದು ಈ ಕಾರ್ಯಕ್ರಮದ ವರದಿಗಳು ಹೇಳುತ್ತವೆ.

ಆ ಬೀದಿಯ ಸರಕುಗಳೇ ಅದರ ಗಿರಾಕಿಗಳು ಯಾರೆಂದು ಹೇಳುತ್ತವೆ. ಹೆಣ್ಣುಮಕ್ಕಳ ಹದಿನೈದನೇ ಹುಟ್ಟುಹಬ್ಬಕ್ಕೆ ಹೊಲಿಸುವ ನೆರಿಗೆ ನೆರಿಗೆಯ ನಿಲುವಂಗಿಗಳು ಗಾಜಿನ ಹಿಂದೆ ನಿಂತಿವೆ. ಸಿಹಿ ಬ್ರೆಡ್ಡಿನ ಬೇಕರಿ, ಚರ್ಮದ ಬೂಟಿನ ಅಂಗಡಿ, ಊರಿಗೆ ಹಣ ಕಳಿಸುವ ಗೂಡಂಗಡಿ. ಕಾಲುದಾರಿಯಲ್ಲಿ ತಳ್ಳುಗಾಡಿಯವರು ಮಾವು, ಕರಬೂಜ, ಸೌತೆಕಾಯಿಯನ್ನು ಉದ್ದುದ್ದ ಹೋಳು ಮಾಡಿ ಲೋಟಕ್ಕೆ ತುಂಬಿ, ನಿಂಬೆ ಹಿಂಡಿ, ಖಾರದ ಪುಡಿ ಉದುರಿಸಿ ಕೊಡುತ್ತಾರೆ. ಬೆಂಗಳೂರಿನ ಗಾಂಧಿಬಜಾರಿನಿಂದ ಹೋದವರಿಗೂ ಅದರ ರುಚಿ ಹೊಸತೆನಿಸಲಾರದು. ಟಾಕೊ ಮಾರುವ ವ್ಯಾನುಗಳಿಗೆ ಫ್ರೂಟ್‌ವೇಲ್ ಇಡೀ ಕೊಲ್ಲಿ ಪ್ರದೇಶದಲ್ಲಿ ಹೆಸರುವಾಸಿ.

1996ರಲ್ಲೇ ಆರಂಭವಾದ ‘ದಿಯಾ ಡೆ ಲೋಸ್ ಮುಯೆರ್ತೋಸ್’ ಹಬ್ಬ ಬೀದಿಗೆ ಜನರನ್ನು ಕರೆತಂದಿತು. ಅಗಲಿದವರ ನೆನಪಿಗೆ ನವೆಂಬರ್ ಆರಂಭದಲ್ಲಿ ಮೆಕ್ಸಿಕನ್ನರು ಆಚರಿಸುವ ಹಬ್ಬವಿದು. ಸತ್ತವರ ಫೋಟೊ ಇಟ್ಟು, ಮೋಂಬತ್ತಿ ಹಚ್ಚಿ, ಅವರು ಇಷ್ಟಪಡುತ್ತಿದ್ದ ತಿನಿಸು ಎಡೆಯಿಟ್ಟು, ರಾಶಿ ಚೆಂಡುಹೂವಿನಿಂದ ಪೀಠ ಅಲಂಕರಿಸುತ್ತಾರೆ. ನಮ್ಮ ಆಯುಧಪೂಜೆ, ದೀಪಾವಳಿಗಳ ಚೆಂಡುಹೂವಿನ ತವರು ಮೆಕ್ಸಿಕೊ. ಒಮ್ಮೆ ಅಪರಾಧದ ಸುದ್ದಿಗೆ ಮಾತ್ರ ಪತ್ರಿಕೆಗೆ ಬರುತ್ತಿದ್ದ ಬಡಾವಣೆಗೆ ಸಾವಿರಾರು ಜನ ಮಕ್ಕಳು ಮರಿಗಳೊಡನೆ ಬಂದು ಊಟ ಮಾಡಿ ಹೋಗುವುದು ಅಂಗಡಿಯವರಿಗೆ ಯಾವ ಜಾಹೀರಾತಿಗಿಂತಲೂ ದೊಡ್ಡ ನೆರವು.

ಎಲ್ಲವೂ ಎಣಿಸಿದಂತೆ ನಡೆಯಲಿಲ್ಲ. ಮೊದಲ ವರ್ಷಗಳಲ್ಲಿ ಹೊಸ ಅಂಗಳದ ಮಳಿಗೆಗಳಿಗೆ ಗಿರಾಕಿ ಸಾಲದೆ ಕೆಲವು ಖಾಲಿ ಉಳಿದವು. ಪೇಟೆಬೀದಿಯಿಂದ ಒಳಸರಿದ ಅಂಗಡಿಗಳು ಕಣ್ಣಿಗೆ ಬೀಳುವುದೇ ಕಷ್ಟವಿತ್ತು. 2008ರ ಆರ್ಥಿಕ ಕುಸಿತವು ಯೋಜನೆಯ ಎರಡನೇ ಹಂತದಲ್ಲಿ ಕಟ್ಟಬೇಕಿದ್ದ ಮನೆಗಳನ್ನು ಬಹುಕಾಲ ಹಿಂದಕ್ಕೆ ತಳ್ಳಿತು. 2009ರ ಹೊಸ ವರ್ಷದ ನಸುಕಿನಲ್ಲಿ ಇದೇ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಆಸ್ಕರ್ ಗ್ರಾಂಟ್ ಎಂಬ 22 ವರ್ಷದ ನಿರಾಯುಧ ಕಪ್ಪು ಯುವಕನನ್ನು ಬಾರ್ಟ್ ಪೊಲೀಸನೊಬ್ಬ ಗುಂಡಿಟ್ಟು ಕೊಂದ. ಪ್ರಯಾಣಿಕರ ಮೊಬೈಲುಗಳಲ್ಲಿ ಸೆರೆಯಾದ ಆ ಸಾವು ದೇಶವನ್ನೇ ಕಲಕಿತು. ರಯಾನ್ ಕೂಗ್ಲರ್ 2013ರಲ್ಲಿ ಅದನ್ನು ‘ಫ್ರೂಟ್‌ವೇಲ್ ಸ್ಟೇಷನ್’ ಹೆಸರಿನ ಚಿತ್ರವಾಗಿಸಿದರು. ಹೊರಜಗತ್ತಿನಲ್ಲಿ ಬಹಳ ಮಂದಿಗೆ ಬಡಾವಣೆಯ ಹೆಸರು ಗೊತ್ತಿರುವುದು ಈ ಸಾವಿನಿಂದ. 2019ರಲ್ಲಿ ನಿಲ್ದಾಣದ ಗೋಡೆಯ ಮೇಲೆ ಗ್ರಾಂಟ್‌ನ ಚಿತ್ರ ಮೂಡಿತು, ಪಕ್ಕದ ರಸ್ತೆಗೆ ಅವನ ಹೆಸರಿಟ್ಟರು.

ಬಡಾವಣೆ ಚೆನ್ನಾದಾಗ ಬಾಡಿಗೆ ಏರಿ, ಅದನ್ನು ಚೆನ್ನಾಗಿಸಿದವರೇ ಗಂಟುಮೂಟೆ ಕಟ್ಟಬೇಕಾಗುವುದು ಅಮೆರಿಕದ ನಗರಗಳ ಹಳೆಯ ದುರಂತ. ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಿಂದ ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಕುಟುಂಬಗಳು ಹೀಗೆ ದೊಡ್ಡ ಸಂಖ್ಯೆಯಲ್ಲಿ ಹೊರಟುಹೋದವು. ಫ್ರೂಟ್‌ವೇಲ್‌ನ ಸ್ಥಿತಿ ಏನೆಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪರಿಶೀಲಿಸಿದರು. ಟ್ರಾನ್ಸಿಟ್ ವಿಲೇಜ್ ಬಂದ ಮೇಲಿನ ವರ್ಷಗಳಲ್ಲಿ ಸುತ್ತಲ ಕುಟುಂಬಗಳ ಆದಾಯವೂ ಶಿಕ್ಷಣಮಟ್ಟವೂ ಏರಿದ್ದವು, ಆದರೂ ಲ್ಯಾಟಿನೊ ಜನ ಬಡಾವಣೆಯಿಂದ ಚದುರಿರಲಿಲ್ಲ. ಈ ಎರಡು ಸಂಗತಿ ಜೊತೆಯಾಗಿ ಕಾಣುವುದು ಅಪರೂಪ. ಹಾಗೆಂದು ಬಾಡಿಗೆಯ ಒತ್ತಡ ಇಲ್ಲವೆಂದಲ್ಲ. ಇತ್ತೀಚೆಗೆ ಬಂದ ಗ್ವಾಟೆಮಾಲಾದ ಮಾಯಾ ಕುಟುಂಬಗಳಲ್ಲಿ ಒಂದೇ ಮನೆಯನ್ನು ಎರಡು ಮೂರು ಸಂಸಾರಗಳು ಹಂಚಿಕೊಳ್ಳುವುದಿದೆ. ಅವರಲ್ಲಿ ಅನೇಕರ ಮನೆಮಾತು ಸ್ಪ್ಯಾನಿಷ್ ಅಲ್ಲ, ಮಾಮ್. ಸ್ಪ್ಯಾನಿಷ್ ಮಾತಾಡುವವರಿಗೆಂದು ಹುಟ್ಟಿದ ಸಂಸ್ಥೆಗಳು ಈಗ ಮಾಮ್ ಬಲ್ಲವರನ್ನು ಹುಡುಕಬೇಕಾಗಿದೆ.

ಎರಡನೇ ಹಂತ ಕೊನೆಗೂ ಕೈಗೂಡಿತು. ಯೂನಿಟಿ ಕೌನ್ಸಿಲ್ ಈಸ್ಟ್ ಬೇ ಏಷ್ಯನ್ ಲೋಕಲ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಎಂಬ ಮತ್ತೊಂದು ಸಮುದಾಯ ಸಂಸ್ಥೆಯೊಡನೆ ಸೇರಿ 94 ಮನೆಗಳನ್ನು ಕಟ್ಟಿಸಿತು. ಅದರ ಹೆಸರು ‘ಕಾಸಾ ಅರಬೆಲ್ಲಾ’. ಅದರ ಪಕ್ಕಕ್ಕೆ 181 ಮನೆಗಳ ‘ಕಾಸಾ ಸ್ವೆನ್ಯೋಸ್’ ಬಂತು. ಮೊದಲ ಹಂತದಲ್ಲಿ ಬಡವರಿಗೆ ಮೀಸಲಿದ್ದದ್ದು ಹತ್ತೇ ಮನೆ; ಈ ಎರಡರ ಒತ್ತು ಕಡಿಮೆ ಆದಾಯದವರ ಮೇಲೆಯೇ. 2020ರಲ್ಲಿ ಇಂಟರ್‌ನ್ಯಾಷನಲ್ ಬುಲೆವಾರ್ಡಿನಲ್ಲಿ ‘ಟೆಂಪೊ’ ಎಂಬ ವೇಗದ ಬಸ್ಸು ಓಡತೊಡಗಿತು. ಬಸ್ಸಿಗೆಂದೇ ಪ್ರತ್ಯೇಕ ಪಥ ಬಿಟ್ಟದ್ದರಿಂದ ಪ್ರಯಾಣ ಚುರುಕಾಗಿದೆ. ಕಾಮಗಾರಿಯ ಕಾಲದಲ್ಲಿ ವ್ಯಾಪಾರ ಕೆಟ್ಟಿತು, ಅಂಗಡಿ ಮುಂದೆ ಗಾಡಿ ನಿಲ್ಲಿಸುವ ಜಾಗ ಹೋಯಿತು ಎಂಬ ವ್ಯಾಪಾರಿಗಳ ದೂರಿನ್ನೂ ತಣಿದಿಲ್ಲ.